ಗಾಳ ಹಾಕುವ ಮೊದಲು ನೀನು ತಿಳಿದಿರಬೇಕಾದದ್ದು

ನಿನ್ನ ಅಪ್ಪ ಮೀನಿನ ಆಸೆಗೆ ಹೊಳೆಗೆ ಇಳಿಯಲಿಲ್ಲ, ರೇಣುಕಾ. ನನ್ನ ಇಷ್ಟಲಿಂಗವನ್ನು ತರಲು ಇಳಿದ. ತಂದ ಕೂಡ — ಮರುದಿನ ಬೆಳಿಗ್ಗೆ ಅದು ಅವನ ಕೊರಳಲ್ಲೇ ಇತ್ತು. ಆ ಕೊರಳಿನಿಂದ ಅದನ್ನು ಕತ್ತರಿಸಿ ತೆಗೆದವನು ನಾನು. ತೆಗೆದು, ಜೇಬಿಗೆ ಹಾಕಿಕೊಂಡು, ನಿಮ್ಮ ಮನೆಯ ಬಾಗಿಲಲ್ಲಿ ನಿಂತು ನಿನ್ನ ಅವ್ವನಿಗೆ ಹೇಳಿದೆ: "ದೊಡ್ಡ ಮೀನ ಬಿದ್ದಿತ್ತವಾ. ಗಾಳ ಕಲ್ಲಿಗೆ ಸಿಕ್ಕಿತು. ನಾ ಬ್ಯಾಡ ಬ್ಯಾಡ ಅಂದೆ. ಕೇಳಲಿಲ್ಲ, ಇಳದಾ."

ಇಷ್ಟು ಬರೆದು ಸ್ವಲ್ಪ ಹೊತ್ತು ಕಾದೆ. ಏನಾದರೂ ಆದೀತು ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಚಹಾ ಆರುತ್ತಿತ್ತು, ಕುಡಿದೆ. ಬಹಳ ವರ್ಷಗಳಿಂದ ನನಗೆ ಹೀಗೇ — ಫೌಂಡ್ರಿಯಲ್ಲಿ ಕಾದ ಕಬ್ಬಿಣದ ಹತ್ತಿರ ಕೈ ಒಯ್ದು ಒಯ್ದು ಬೆರಳ ತುದಿಗಳು ಜಡ್ಡುಗಟ್ಟುತ್ತವಲ್ಲ, ಹಾಗೆ. ನನಗೆ ನೋವಾಗುತ್ತಿದೆ ಅಂತ ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಹೇಳಿದ ಸುಳ್ಳೇ ಸಾಕು.

ಹೋದ ರವಿವಾರ ನೀನು ನೆಹರು ನಗರದ ಆಸ್ಪತ್ರೆಯಿಂದ ರಾತ್ರಿಪಾಳಿ ಮುಗಿಸಿ ನೇರ ನಮ್ಮ ಮನೆಗೆ ಬಂದೆ. ಕೊರಳಲ್ಲಿ ಗುರುತಿನ ಚೀಟಿ ಹಾಗೇ ತೂಗುತ್ತಿತ್ತು. ಸ್ಕೂಟರಿನ ಕೀಲಿ ಬೆರಳಿಗೆ ಸುತ್ತುತ್ತ ಬಾಗಿಲಲ್ಲೇ ಶುರು ಮಾಡಿದೆ.

"ಕಾಕಾ, ಮುಂದಿನ ರವಿವಾರ ನಾವು ನಾಕೈದು ಮಂದಿ ನರ್ಸುಗಳು ಖಾನಾಪುರ ಕಡೆ ಹೊಳಿಗೆ ಹೊಂಟೇವಿ. ಗಾಳ ಹಾಕಾಕ. ನನಗ ಒಂದೂ ಗೊತ್ತಿಲ್ಲ. ಹೋಗೂಕಿಂತ ಮೊದಲ ಏನೇನ್ ತಿಳ್ಕೊಂಡಿರಬೇಕು, ಹೇಳ್ರಿ."

"ಅವ್ವಗ ಗೊತ್ತೈತೇನು?" ಎಂದೆ.

"ಗೊತ್ತಾದ್ರ ಕಾಲ ಮುರದ ಕೈಯಾಗ ಕೊಡ್ತಾಳ" ಎಂದು ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ, ರೋಗಿಯ ಬಿ.ಪಿ. ಎಷ್ಟಿದೆ ಎಂದು ಹೇಳುವ ದನಿಯಲ್ಲಿ ಹೇಳಿದೆ: "ನನ್ನ, ಅವ್ವನ್ನ ಬಿಟ್ಟ ಹೋಗೂವಷ್ಟು ಆ ಮೀನಿನ್ಯಾಗ ಏನೈತಿ ಅಂತ ಒಮ್ಮೆ ನೋಡಬೇಕ್ರಿ ಕಾಕಾ. ಅಷ್ಟ."

ಆಗಲೇ ಹೇಳಬೇಕಿತ್ತು. ಮಾತು ನಾಲಿಗೆಯ ತನಕ ಬಂದಿತ್ತೇ ಅಂದರೆ — ಇಲ್ಲ, ಅದೂ ಬಂದಿರಲಿಲ್ಲ. ನಾನು ಚಾಪೆಯ ಮೇಲೆ ಕುಳಿತು, ನಮ್ಮ ಫೌಂಡ್ರಿಯ ಹುಡುಗರಿಗೆ ಪ್ರತಿ ಸಲ ಹೇಳುವ ಪಾಠವನ್ನೇ ನಿನಗೂ ಒಪ್ಪಿಸಿದೆ. ನಾನು ಗಾಳ ಮುಟ್ಟದೆ ವರ್ಷಗಳಾದವು. ಆದರೆ ಆ ಹುಡುಗರು ರಜೆಗೆ ಹೊಳೆಗೆ ಹೊರಟರು ಅಂತ ಕಿವಿಗೆ ಬಿದ್ದರೆ ಸಾಕು, ಹಿಡಿದು ನಿಲ್ಲಿಸಿ ಹೇಳುತ್ತೇನೆ. ಅವರು ಬೆನ್ನ ಹಿಂದೆ ನನಗೆ "ಹೊಳಿ ಮಾಸ್ತರ" ಅನ್ನುತ್ತಾರೆ. ಅನ್ನಲಿ.

ನೀನು ಮೊಬೈಲಿನಲ್ಲಿ ಟೈಪು ಮಾಡಿಕೊಳ್ಳುತ್ತಿದ್ದೆ. ನಾನು ಹೇಳುತ್ತಿದ್ದೆ. ಎಲ್ಲಿಗೆ ಹೋಗುತ್ತೀ, ಯಾವ ತಿರುವಿನಲ್ಲಿ ಕೂರುತ್ತೀ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಹೋಗಬೇಕು. ತಲೆಯ ಮೇಲಿನ ಆಕಾಶ ನೋಡಿದರೆ ಸಾಲದು, ಕಣಕುಂಬಿ ಕಡೆಯ ಘಟ್ಟದ ಆಕಾಶ ನೋಡಬೇಕು — ಮಲಪ್ರಭೆ ಹುಟ್ಟಿ ಬರುವುದು ಅಲ್ಲಿಂದ, ಖಾನಾಪುರದಲ್ಲಿ ಬಿಸಿಲು ಸುಡುತ್ತಿದ್ದರೂ ಅಲ್ಲಿ ಸುರಿದದ್ದು ಇಲ್ಲಿಗೆ ಬಂದೇ ಬರುತ್ತದೆ. ತಿಳಿನೀರಿನಲ್ಲಿ ನೊರೆ, ತರಗೆಲೆ, ಕಡ್ಡಿ ತೇಲಿ ಬರತೊಡಗಿದರೆ ಹೊಳೆ ಏರುತ್ತಿದೆ ಅಂತ ಅರ್ಥ. ನೀರು ಕೆಂಪಾಗುವ ತನಕ ಕಾಯಬಾರದು, ಎದ್ದು ದಂಡೆ ಹತ್ತಬೇಕು. ಮರಳು ತೆಗೆದ ಜಾಗದಲ್ಲಿ ಗುಂಡಿಗಳಿರುತ್ತವೆ. ಮೊಣಕಾಲುದ್ದ ಇದ್ದದ್ದು ಮುಂದಿನ ಹೆಜ್ಜೆಗೆ ಆಳು ಮುಳುಗುವಷ್ಟಾಗುತ್ತದೆ, ಕೋಲು ಊರದೆ ಕಾಲಿಡಬಾರದು. ದಾರವನ್ನು ಎಂದೂ ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಉದ್ದ ಕೋಲು ಹಿಡಿದು ಕರೆಂಟಿನ ತಂತಿಯ ಕೆಳಗೆ ನಡೆಯಬಾರದು.

ಚೇಳುಮೀನಿನ ಮುಳ್ಳಿನ ಮಾತು ಬಂದಾಗ ನೀನೇ ತಲೆಯೆತ್ತಿದೆ. "ಚುಚ್ಚಿದ್ರ ತಡೀಯುವಷ್ಟು ಬಿಸಿ ನೀರಾಗ ಕೈ ಅದ್ದಿ ಇಡಬೇಕು, ಆಮ್ಯಾಲ ದವಾಖಾನಿಗೆ ಬರಬೇಕು. ಅದು ನನಗ ಗೊತ್ತೈತಿ ಬಿಡ್ರಿ" ಎಂದೆ. ಎಷ್ಟು ಬೆಳೆದುಬಿಟ್ಟಿದ್ದೀ ಅನ್ನಿಸಿತು.

ಜೂನಿನಲ್ಲಿ ಮಿರಗದ ಮಳೆ ಕೂಡಿದ ಮೇಲೆ ಮೊದಲ ಹೊಸ ನೀರಿಗೆ ಮೊಟ್ಟೆ ತುಂಬಿದ ಮೀನುಗಳು ಹೊಳೆಯ ಮೇಲಕ್ಕೆ ಏರುತ್ತವೆ, ಆ ದಿನಗಳಲ್ಲಿ ಗಾಳ ಹಾಕಬಾರದು. ಈಜು ಬಾರದವರು ನೀರಿನ ನಡುವಿನ ಬಂಡೆಗೆ ಹೋಗಬಾರದು. ಗಾಳ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ದಾರ ಕತ್ತರಿಸಿ ಬಿಡಬೇಕು. ಕೊನೆಗೆ ಹೇಳಿದ್ದು — ನೀರಿನಲ್ಲಿ ಉಳಿದದ್ದು ನೀರಿನ ಪಾಲು, ಏನೇ ಆಗಿರಲಿ, ಅದಕ್ಕಾಗಿ ಹಿಂದಕ್ಕೆ ಹೋಗಬಾರದು.

ನೀನು ಬೆರಳು ನಿಲ್ಲಿಸಿ ಕೇಳಿದೆ: "ಇದನ್ನೆಲ್ಲ ನಿಮಗ ಯಾರ ಕಲಿಸಿದ್ರು?"

"ನಿಮ್ಮಪ್ಪ" ಎಂದೆ.

ನೋಡು, ಅಲ್ಲಿಯೂ ಸುಳ್ಳು. ಅವನಿಗೆ ಗಾಳ ಹಿಡಿಯಲು ಕಲಿಸಿದವನೇ ನಾನು. ಅದನ್ನೂ ಯಾರಿಗೂ ಹೇಳಿಲ್ಲ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವಂತಿರಲಿಲ್ಲ. ಅಪ್ಪ ವಚನ ಹೇಳುತ್ತಿದ್ದ. ಅವ್ವನಿಗಂತೂ ಮೊಟ್ಟೆ ಮಾರುವ ಅಂಗಡಿಯ ಮುಂದೆ ನಡೆದು ಹೋಗುವುದಕ್ಕೂ ಮೂಗು ಮುಚ್ಚಬೇಕು. ಅಂಥ ಮನೆಯ ಹುಡುಗ ನಾನು, ಕಾಲೇಜು ತಪ್ಪಿಸಿ ಬೆಳಗಾವಿಯ ಕೋಟೆ ಕೆರೆಯ ದಂಡೆಯಲ್ಲಿ ಗಾಳ ಹಾಕುವವರ ಪಕ್ಕ ಹೋಗಿ ಕೂರುತ್ತಿದ್ದೆ. ಒಂದು ದಿನ ಒಬ್ಬ ಮುದುಕ "ಹಿಡ್ಕೋ ತಮ್ಮಾ, ನಾ ಬಂದೆ" ಎಂದು ಕೋಲು ಕೈಗೆ ಕೊಟ್ಟು ಬೀಡಿ ತರಲು ಹೋದ. ಅಷ್ಟರಲ್ಲಿ ನೀರಿನ ಕೆಳಗಿನಿಂದ ಏನೋ ಎಳೆಯಿತು. ಕಾಣದ್ದು ಒಂದು ನನ್ನನ್ನು ಹಿಡಿದು ಜಗ್ಗುತ್ತಿದೆ — ಅದನ್ನು ಏನೆಂದು ಹೇಳಲಿ? ನೀನು ಕೇಳಿದೆಯಲ್ಲ, ಆ ಮೀನಿನಲ್ಲಿ ಏನಿದೆ ಎಂದು. ಆ ಎಳೆತ ಒಂದೇ ಇರುವುದು. ನಾನು ಇವತ್ತಿಗೂ ಮೀನು ಬಾಯಲ್ಲಿಟ್ಟವನಲ್ಲ. ಆ ಎಳೆತಕ್ಕಾಗಿಯೇ ಹೋಗುತ್ತಿದ್ದೆ. ನಿನ್ನ ಅಪ್ಪ ಹಾಗಲ್ಲ, ಅವನಿಗೆ ಗಾಳ ಹಾಕಿ ಕೂರುವುದು ಬೇಸರದ ಕೆಲಸ. ನನ್ನ ಜೊತೆ ಹರಟೆ ಹೊಡೆಯಲು ಬರುತ್ತಿದ್ದ.

ಅವನು ಬೆಳಗಾವಿಯ ಪಕ್ಕ ಮಚ್ಛೆಯಲ್ಲಿರುವ ನಮ್ಮ ಫೌಂಡ್ರಿಗೆ ಎರಕ ಹೊಯ್ಯುವ ಕೆಲಸಕ್ಕೆ ಸೇರಿದಾಗ ನಾನಲ್ಲಿ ಅಚ್ಚಿಗೆ ಬೇಕಾದ ಮರದ ಮಾದರಿ ಮಾಡುವ ವಿಭಾಗದ ಮುಖ್ಯಸ್ಥ. ಬೀರಪ್ಪ ಎಂದು ಹೆಸರು ಹೇಳಿದ. ಕುರಿ ಕಾಯುವ ಮನೆತನ, ಖಾನಾಪುರದ ಆಚೆ ಊರು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಇಳಿಸಿ ಮೈ ತೊಳೆಯುತ್ತಾರಲ್ಲ, ಆ ಕೆಲಸ ಮಾಡುತ್ತ ಈಜು ಕಲಿತವನು. ನನಗೆ ಈಜು ಬರುವುದಿಲ್ಲ. ಇವನು ಜೊತೆಗಿದ್ದರೆ ಮಲಪ್ರಭೆಗೆ ಹೋಗಬಹುದು ಅನ್ನಿಸಿತು. ಸ್ನೇಹ ಶುರುವಾದದ್ದು ಹಾಗೆ, ನನ್ನ ಅನುಕೂಲಕ್ಕೆ. ಆಮೇಲೆ ಖರೇನೇ ಸ್ನೇಹವಾಯಿತು. ಅವನು ನನ್ನನ್ನು "ಅಣ್ಣಾರ" ಅನ್ನುತ್ತಿದ್ದ, ನಾನು ಅವನನ್ನು "ಬೀರೂ" ಅನ್ನುತ್ತಿದ್ದೆ.

ರಜೆಯ ದಿನ ಬೈಕಿನಲ್ಲಿ ಖಾನಾಪುರ ದಾಟಿ ಹೊಳೆಯ ಒಂದು ತಿರುವಿಗೆ ಹೋಗುತ್ತಿದ್ದೆವು. ಮನೆಯಲ್ಲಿ ನಾನು ಹೇಳುತ್ತಿದ್ದ ಸುಳ್ಳುಗಳು ಬಗೆಬಗೆಯವು — ಗೆಳೆಯನ ಹೊಲ, ಯಾರದೋ ಲಗ್ನ, ಮಠಕ್ಕೆ ಹೋಗಿದ್ದೆ ಎಂದೂ ಒಮ್ಮೆ ಹೇಳಿದ್ದೆ. ಗಾಳ, ಕೋಲು ಎಲ್ಲ ನಿಮ್ಮ ಮನೆಯ ಅಟ್ಟದ ಮೇಲೆ ಇರುತ್ತಿದ್ದವು. ಎರಡು ಕೋಲು. ಎರಡೂ ನಿಮ್ಮ ಅಪ್ಪನವು ಎಂದೇ ನಿನ್ನ ಅವ್ವ ತಿಳಿದಿದ್ದಳು. ಸಿಕ್ಕ ಮೀನೂ ನಿಮ್ಮ ಮನೆಗೇ ಹೋಗುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನನ್ನ ಗಾಳದ ಬದುಕು.

ಆದರೆ ಒಂದು ನೇಮ ಇಟ್ಟುಕೊಂಡಿದ್ದೆ. ಲಿಂಗ ಮೈಮೇಲೆ ಇರುವಾಗ ಎರೆಹುಳು ಮುಟ್ಟುತ್ತಿರಲಿಲ್ಲ. ಕೊರಳಿನಿಂದ ಶಿವದಾರ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ, ಹೊಳೆಯ ನಡುವೆ ನಾವು ಕೂರುತ್ತಿದ್ದ ಬಂಡೆಯ ಮೇಲೆ ಬೆಳೆದ ಅತ್ತಿಯ ಗಿಡದ ಟೊಂಗೆಗೆ ಕಟ್ಟುತ್ತಿದ್ದೆ. ಎಷ್ಟೋ ಸಲ ಬೀರಪ್ಪ, "ನಾ ಕೈ ತೊಳಕೊಂಡ ಹಿಡ್ಕೊಂಡ ಕುಂದರ್ತೇನ್ ಕೊಡ್ರಿ" ಅಂದಿದ್ದ. ಕೊಡಲಿಲ್ಲ. ಅವನ ಚೀಲದಲ್ಲಿ ಇಡೋಣ ಅಂದರೆ ಮೀನಿನ ವಾಸನೆ. ಜೀವವಿರುವ ತನಕ ಮೈಯಿಂದ ಅಗಲಿಸಬಾರದು ಎಂದು ಗುರುಗಳು ಕಟ್ಟಿದ ಲಿಂಗವನ್ನು ಗಿಡಕ್ಕೆ ತೂಗುಹಾಕಿ ಮಡಿ ಕಾಯ್ದುಕೊಳ್ಳುತ್ತಿದ್ದ ಭಕ್ತ ನಾನು.

ಬೀರಪ್ಪ ನಗುತ್ತಿದ್ದ. "ದೇವರನ್ನ ಗಿಡಕ್ಕ ಹಾಕಿ ಮೀನ ಹಿಡಿತೀರಿ. ಅಲ್ಲಿಂದ ಅವಂಗ ಕಾಣಂಗಿಲ್ಲೇನ್ರಿ ಅಣ್ಣಾರ?"

"ಸುಮ್ನ ಕೂಡ್ರಲೇ" ಅನ್ನುತ್ತಿದ್ದೆ. ನಗುತ್ತಲೇ ಅನ್ನುತ್ತಿದ್ದೆ.

ಆ ದಿನ ಮಿರಗ ಕೂಡಿತ್ತು. ನೀನಾಗ ಸಾಲೆಯಲ್ಲಿ ಮೂರನೇ ಇಯತ್ತೆ. ಬೆಳಗಾವಿಯಲ್ಲಿ ಹಿಂದಿನ ದಿನ ಒಂದಿಷ್ಟು ಹನಿ ಬಿದ್ದು ನಿಂತಿತ್ತು, ಬೆಳಿಗ್ಗೆ ಹೊಳೆಯುವ ಬಿಸಿಲು. ನಿನ್ನ ಅಪ್ಪ ಬರಲು ಒಲ್ಲೆ ಅಂದಿದ್ದ. "ಬಸುರಿ ಮೀನ ಅದಾವ್ರಿ ಈಗ. ಈ ವ್ಯಾಳ್ಯಾದಾಗ ಬ್ಯಾಡ ಬಿಡ್ರಿ" ಎಂದ. "ಹಿಡದು ಬಿಟ್ರಾತು ಬಾರೋ" ಎಂದೆ. ಆ ದಿನಗಳಲ್ಲಿ ಮೀನು ದೊಡ್ಡವು, ಎಳೆತ ದೊಡ್ಡದು — ನನಗೆ ಅದು ಬೇಕಿತ್ತು. ಅವನನ್ನು ಎಬ್ಬಿಸಿಕೊಂಡು ಹೋದವನು ನಾನು. ಕೋಲುಗಳನ್ನು ಅಟ್ಟದಿಂದ ಇಳಿಸಿ ಕೊಡುವಾಗ ನಿನ್ನ ಅವ್ವ ಅವನನ್ನೇ ಬೈದಳು. ಅವನು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಮಧ್ಯಾಹ್ನದ ತನಕ ಏನೂ ಸಿಗಲಿಲ್ಲ. ರೊಟ್ಟಿ ಬಿಚ್ಚಿದೆವು. ಅವನೇ ಮೊದಲು ನೋಡಿದ್ದು — ಬಂಡೆಯ ಬಾಜು ನೊರೆ ಸುತ್ತುತ್ತಿತ್ತು, ಅದರ ಜೊತೆ ತರಗೆಲೆ. "ಏಳ್ರಿ ಅಣ್ಣಾರ, ನೀರ ಬರಾಕತೈತಿ" ಎಂದ. ಇಬ್ಬರೂ ತಡ ಮಾಡಲಿಲ್ಲ, ಅದನ್ನು ನೆನಪಿಟ್ಟುಕೋ. ನಿನ್ನ ಅಪ್ಪನಿಗೆ ಹೊಳೆ ಗೊತ್ತಿರಲಿಲ್ಲ ಎಂದು ಇನ್ನು ಮೇಲೆ ಯಾರೂ ಹೇಳಕೂಡದು. ಕೋಲು ಸುತ್ತಿಕೊಂಡು ಬಂಡೆಯಿಂದ ಇಳಿದೆವು. ಬರುವಾಗ ಮೊಣಕಾಲಿಗಿದ್ದ ನೀರು ಹೋಗುವಾಗ ತೊಡೆಗೆ ಬಂದಿತ್ತು. ನಾನು ಹೆದರಿದ್ದೆ. ಅವನು ನನ್ನ ಕೈ ಹಿಡಿದು, "ಕೆಳಗ ನೋಡಬ್ಯಾಡ್ರಿ, ನನ್ನ ಬೆನ್ನ ನೋಡಕೋತ ಬರ್ರಿ" ಎನ್ನುತ್ತ ದಂಡೆ ಮುಟ್ಟಿಸಿದ. ಇಬ್ಬರೂ ದಂಡೆಯ ಮೇಲಿದ್ದೆವು, ರೇಣುಕಾ. ಬೈಕು ಹತ್ತಿರವೇ ಇತ್ತು. ಬಟ್ಟೆ ಹಿಂಡಿಕೊಂಡು ಹತ್ತಿ ಹೋಗುವುದಷ್ಟೇ ಬಾಕಿ.

ನಾನು ಅಂಗಿಯ ಗುಂಡಿ ಹಾಕಲು ಕೊರಳಿಗೆ ಕೈ ಒಯ್ದೆ.

"ಬೀರೂ — ನನ್ನ ಲಿಂಗ ಅಲ್ಲೇ ಉಳೀತೋ."

ಅವನು ಬಂಡೆಯ ಕಡೆ ತಿರುಗಿ ನೋಡಿದ. ಅತ್ತಿಯ ಟೊಂಗೆಯಲ್ಲಿ ಬಿಳಿ ವಸ್ತ್ರ ಕಾಣುತ್ತಿತ್ತು. ನೀರು ಇನ್ನೂ ಪೂರ್ತಿ ಕೆಂಪಾಗಿರಲಿಲ್ಲ. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಸುಮ್ಮನಿರಲಿಲ್ಲ.

"ಸಂಜಿಕ ಪೂಜಾಕ್ಕ ಕುಂತಾಗ ಅವ್ವ ಕೇಳ್ತಾಳ. ಏನ ಹೇಳ್ಲಿ?"

ಹೋಗು ಅಂತ ನಾನು ಹೇಳಲಿಲ್ಲ. ಬಹಳ ವರ್ಷ ಇದನ್ನೇ ಹಿಡಿದುಕೊಂಡು ಕುಳಿತಿದ್ದೆ — ಹೋಗು ಅನ್ನಲಿಲ್ಲವಲ್ಲ, ಹೋಗು ಅನ್ನಲಿಲ್ಲವಲ್ಲ ಎಂದು. ಬೇಡ ಅಂತಲೂ ಹೇಳಲಿಲ್ಲ. ಈಜು ಬಾರದವನು ಈಜು ಬರುವವನ ಎದುರು ನಿಂತು ಹಾಗೆ ಕೇಳಿದರೆ ಅದರ ಅರ್ಥ ಏನು ಅಂತ ಇಬ್ಬರಿಗೂ ಗೊತ್ತಿತ್ತು.

ಅವನು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟ. "ದೇವರನ್ನ ನೀರಾಗ ಬಿಟ್ಟ ಹೊಕ್ಕಾರೇನ್ರಿ ಅಣ್ಣಾರ? ಹಿಂಗ ಹೋಗಿ ಹಂಗ ಬಂದೆ" ಎಂದ.

ಹೋದ. ಅಡ್ಡಲಾಗಿ ಈಜಿ ಬಂಡೆ ಹತ್ತಿದ. ಕೈಯನ್ನು ಹೊಳೆಯ ನೀರಿನಲ್ಲಿ ತೊಳೆದುಕೊಂಡ — ನೊರೆ ಹರಿಯುವ ಆ ನೀರಿನಲ್ಲಿ, ಅಷ್ಟು ಅವಸರದಲ್ಲಿ, ಅದನ್ನು ಮುಟ್ಟುವ ಮೊದಲು ಕೈ ತೊಳೆದುಕೊಂಡ. ನಾನು ಅದನ್ನು ನೋಡಿದೆ. ಟೊಂಗೆಯಿಂದ ಬಿಚ್ಚಿ ಕೊರಳಿಗೆ ಕಟ್ಟಿಕೊಂಡ. ಶಿವದಾರ ಸಡಿಲವಾಗಿ ಜಾರೀತೆಂದು ಮತ್ತೊಂದು ಗಂಟು ಹಾಕಿ ಎಳೆದು ನೋಡಿದ. ಆಮೇಲೆ ನನ್ನ ಕಡೆ ಕೈಯೆತ್ತಿ ನೀರಿಗೆ ಬಿದ್ದ. ಅರ್ಧ ದಾರಿ ಬಂದಿದ್ದ. ಮೇಲಿನಿಂದ ಒಂದು ದೊಡ್ಡ ದಿಮ್ಮಿ ಬರುತ್ತಿತ್ತು. ನಾನು ಕೂಗಿದೆ. ಕೂಗಿದ್ದು ಕೇಳಿಸಿತೋ ಇಲ್ಲವೋ. ಅವನ ತಲೆ ಕಾಣುತ್ತಿತ್ತು, ಆಮೇಲೆ ದಿಮ್ಮಿ ಕಂಡಿತು, ಆಮೇಲೆ ಬರೀ ನೀರು.

ನಾನು ಅವನ ಅಂಗಿ ಹಿಡಿದುಕೊಂಡು ನಿಂತಿದ್ದೆ.

ಊರಿನವರು ಬಂದರು, ಪೊಲೀಸರು ಬಂದರು. ಏನಾಯಿತು ಎಂದು ಮೊದಲು ಕೇಳಿದವರಿಗೆ ನನ್ನ ಬಾಯಿಂದ ಬಂದದ್ದು ಆ ಮೀನಿನ ಕಥೆ. ಯೋಚಿಸಿ ಕಟ್ಟಿದ್ದಲ್ಲ, ತಾನಾಗಿ ಬಂತು. ಲಿಂಗದ ಮಾತು ತೆಗೆದರೆ ಅದು ಗಿಡದ ಮೇಲೆ ಯಾಕಿತ್ತು ಎಂಬ ಪ್ರಶ್ನೆ ಬರುತ್ತದೆ, ಅಲ್ಲಿಂದ ನನ್ನ ಗಾಳ, ಅಲ್ಲಿಂದ ನನ್ನ ಅವ್ವ. ಒಬ್ಬ ಮನುಷ್ಯ ಹೊಳೆಯಲ್ಲಿ ಹೋಗಿದ್ದಾನೆ, ನನಗೆ ನನ್ನ ಅವ್ವನ ಮುಖ ಕಣ್ಣೆದುರು. ಬೀರಪ್ಪ ಮೀನು ಹಿಡಿಯಲು ಬಂದಿದ್ದ, ನಾನು ಸುಮ್ಮನೆ ಜೊತೆಗೆ ಬಂದಿದ್ದೆ ಎಂದೆ. ಎರಡೂ ಕೋಲು ಅವನವು ಎಂದೆ.

ಆ ರಾತ್ರಿ ನಾನು ಮನೆಗೆ ಹೋಗದೆ ಹೊಳೆಯ ಬಳಿಯೇ ಉಳಿದೆ. ಮರುದಿನ ಬೆಳಿಗ್ಗೆ ಎರಡೂ ದಂಡೆಯಲ್ಲಿ ಜನ ಹುಡುಕುತ್ತ ಹೊರಟರು. ಕೆಳಗೆ ದೂರದ ಒಂದು ಪೊದೆಯಲ್ಲಿ ಅವನು ಸಿಕ್ಕಿಕೊಂಡಿದ್ದ. ಮೊದಲು ಕಂಡದ್ದು ನನಗೆ. ನನ್ನ ದಂಡೆಯಲ್ಲಿ ಹತ್ತಿರ ಬೇರೆ ಯಾರೂ ಇರಲಿಲ್ಲ. ಕೊರಳಲ್ಲಿ ಕರಡಿಗೆ ಹಾಗೇ ಇತ್ತು.

ಗಂಟು ಬಿಚ್ಚಲು ನೋಡಿದೆ. ಅದು ಗಾಳಕ್ಕೆ ದಾರ ಕಟ್ಟುವ ಗಂಟು — ಎಳೆದಷ್ಟೂ ಬಿಗಿಯುವುದು. ಅವನಿಗೆ ಅದನ್ನು ಕಲಿಸಿದವನು ನಾನು. ನೆನೆದು ಕಲ್ಲಾಗಿತ್ತು, ಬಿಚ್ಚಲಾಗಲಿಲ್ಲ. ಜೇಬಿನಲ್ಲಿ ದಾರ ಕತ್ತರಿಸುವ ಬ್ಲೇಡು ಇತ್ತು. ಆಚೆ ದಂಡೆಯಿಂದ ಒಬ್ಬ ಮುದುಕ ಮರಾಠಿಯಲ್ಲಿ ಕೂಗಿದ: "ಸಾಪಡಲಾ ಕಾ?" ಸಿಕ್ಕನೇ ಎಂದು ಕೇಳುತ್ತಿದ್ದ. ನಾನು ಕತ್ತರಿಸಿ ಜೇಬಿಗೆ ಹಾಕಿಕೊಂಡು, ಆಮೇಲೆ ಎದ್ದು ನಿಂತು ಕೂಗಿದೆ: "ಸಾಪಡಲಾ."

ನಮ್ಮಲ್ಲಿ ಸತ್ತವನ ಅಂಗೈಯಲ್ಲಿ ಅವನ ಲಿಂಗ ಇಟ್ಟೇ ಮಣ್ಣು ಮಾಡುತ್ತಾರೆ. ಸತ್ತವನಿಂದ ಲಿಂಗ ಕಿತ್ತುಕೊಂಡವರನ್ನು ನಾನು ಕಂಡಿಲ್ಲ, ಕೇಳಿಲ್ಲ. ನಾನು ಕಿತ್ತುಕೊಂಡೆ. ಅದು ನನ್ನದೇ ಅಲ್ಲವೇ ಎಂದು ನೀನು ಕೇಳಬಹುದು. ಗಿಡಕ್ಕೆ ಹಾಕುವ ತನಕ ನನ್ನದು. ಆಮೇಲೆ ಅದು ಯಾರದ್ದು ಎಂದು ನನಗೆ ಹೇಳಲು ಬರುವುದಿಲ್ಲ.

ಆ ದಿನ ಸಂಜೆ ಹೊಸ ಶಿವದಾರ ಹಾಕಿ ಪೂಜೆಗೆ ಕುಳಿತೆ. ಅವ್ವ ಪಕ್ಕದಲ್ಲಿ ಕುಳಿತು, "ಅಂಥವರ ಸಂಗ ಬ್ಯಾಡ ಅಂತ ಎಷ್ಟ ಸಲ ಹೇಳಿದ್ದೆ. ಮೀನಿನ ಸಲವಾಗಿ ಜೀವಾ ಕೊಡೋದಂದ್ರ ಏನು! ನಿನ್ನ ಮಾತರ ಕೇಳಬಾರದೇನು ಅವಾ" ಎಂದಳು. ನಾನು ಹೂಂ ಎಂದೆ. ಕಣ್ಣು ಮುಚ್ಚಿದೆ. ಅಂಗೈಯಲ್ಲಿ ಲಿಂಗವಿದ್ದೂ ಏನೂ ಇದ್ದಂತಿರಲಿಲ್ಲ — ಭಾರವೂ ಇಲ್ಲ, ತಂಪೂ ಇಲ್ಲ. ಆವತ್ತಿನಿಂದ ಹಾಗೇ ಇದೆ. ಅವ್ವ ತೀರಿಕೊಂಡು ವರ್ಷಗಳಾದವು. ಹೇಳಲು ಹೆದರುವಂಥವರು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಆದರೂ ಹೇಳಲಿಲ್ಲ. ಹಾಗಾಗಿ ಅವ್ವನ ಹೆಸರು ಹೇಳಿ ನುಣುಚಿಕೊಳ್ಳುವ ದಾರಿಯೂ ನನಗಿಲ್ಲ.

ನಿನ್ನ ಅವ್ವ ಹೆಣದ ಮುಂದೆ ಕುಳಿತು ಕೇಳಿದ್ದು ನಿನಗೆ ನೆನಪಿದೆಯೋ ಇಲ್ಲವೋ. "ನಾ ದೊಡ್ಡಾಕೀನೋ, ಮೀನ ದೊಡ್ಡದೋ ನಿನಗ? ಕೂಸಿನ ಮಾರಿನೂ ನೆನಪಾಗಲಿಲ್ಲೇನು?" ಎಂದು ಎದೆ ಬಡಿದುಕೊಂಡಳು. ಉತ್ತರ ಗೊತ್ತಿದ್ದವನು ಎರಡು ಮಾರು ದೂರದಲ್ಲಿ ಕಂಬ ಹಿಡಿದು ನಿಂತಿದ್ದ. ಸತ್ತವರಿಗೆ ಬಾಯಿಲ್ಲ, ಬದುಕಿದ್ದವನು ಬಾಯಿ ಬಿಡಲಿಲ್ಲ.

ಆಮೇಲೆ ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಸಿಟ್ಟು ಅವಳನ್ನು ನಡೆಸಿತು. ನಿಮ್ಮ ಅಪ್ಪನ ಫೋಟೋ ಗೋಡೆಗೆ ಹಾಕಲಿಲ್ಲ, ಟ್ರಂಕಿನ ತಳದಲ್ಲಿ ಇಟ್ಟಳು. ಮಾನೌಮಿ ಅಮಾಸಿಗೆ ಹಿರಿಯರಿಗೆಲ್ಲ ಎಡೆ ಹಾಕುವಾಗ ಅವನಿಗೆ ಹಾಕುತ್ತಿರಲಿಲ್ಲ. ಒಂದು ವರ್ಷ ನಾನೇ ಧೈರ್ಯ ಮಾಡಿ, "ಒಂದ್ ಎಡಿ ಹಾಕವಾ ನಿಂಗವ್ವಾ" ಎಂದೆ. "ಅವಂಗ ಬೇಕಾದ್ದು ಹೊಳ್ಯಾಗ ಸಿಕ್ಕೈತಿ ಬಿಡ್ರಿ ಅಣ್ಣಾರ" ಎಂದಳು. ನೀನು ಅಲ್ಲೇ ಕುಳಿತು ಅಭ್ಯಾಸ ಮಾಡುತ್ತಿದ್ದೆ. ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಕೇಳಿಸಿಕೊಂಡೆ ಎಂದು ನನಗೆ ಗೊತ್ತಾಯಿತು. ಸಾಲೆಯಲ್ಲಿ ಹುಡುಗಿಯರು "ಮೀನಿನ ಸಲವಾಗಿ ಸತ್ತಾವನ ಮಗಳು" ಎಂದರೆಂದು ನೀನು ಒಮ್ಮೆ ಜಗಳಾಡಿ ಹಣೆ ಒಡೆದುಕೊಂಡು ಬಂದಿದ್ದೆ. ಆ ಗಾಯಕ್ಕೆ ಅರಿಶಿನ ಒತ್ತಿದವನೂ ನಾನೇ.

ನಿಂಗವ್ವನಿಗೆ ಫೌಂಡ್ರಿಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಕೆಲಸ ಕೊಡಿಸಿದೆ. "ಅಣ್ಣಾರಂಥಾ ದೇವರಂಥಾ ಮನಷ್ಯಾ ಸಿಗೂದಿಲ್ರಿ" ಎಂದು ಅವಳು ಕಂಡಕಂಡವರ ಮುಂದೆ ಹೇಳುತ್ತಾಳೆ. ನಾನು ಕೇಳಿಸಿಕೊಂಡು ನಡೆಯುತ್ತೇನೆ. ಮೊದಮೊದಲು ಕಿವಿ ಬಿಸಿಯಾಗುತ್ತಿತ್ತು. ಈಗ ಅದೂ ಇಲ್ಲ.

ಇಷ್ಟು ವರ್ಷ ಹೀಗೆ ಕಳೆದವನು ಈಗ ಯಾಕೆ ಹೇಳುತ್ತಿದ್ದೇನೆ? ನನಗೆ ಪಶ್ಚಾತ್ತಾಪ ಉಕ್ಕಿ ಬಂತು ಅಂತಲ್ಲ. ಹೋದ ರವಿವಾರ ನೀನು ಹೊರಡುವಾಗ ಸ್ಕೂಟರು ಚಾಲೂ ಮಾಡಿ, ಮತ್ತೆ ಬಂದ್ ಮಾಡಿ ಹೇಳಿದೆ: "ನೀವೂ ನಮ್ಮ ಕೂಡ ಬರ್ರಿ ಕಾಕಾ. ನನಗ ಈಜ ಬರಂಗಿಲ್ಲ. ಅಪ್ಪನ ಕೂಡ ಇದ್ದವ್ರು ನೀವು. ನೀವಿದ್ರ ನನಗ ಧೈರ್ಯ."

"ಆತು, ಬರ್ತೇನಿ" ಎಂದೆ. ಬಾಯಿ ಹೇಳಿತು. ನೀನು ತಿರುವಿನಲ್ಲಿ ಮರೆಯಾದ ಮೇಲೂ ನಾನು ಬಾಗಿಲಲ್ಲಿ ನಿಂತಿದ್ದೆ. ಇವಳ ಅಪ್ಪ ನನ್ನ ಕೈ ಹಿಡಿದು ದಂಡೆ ಮುಟ್ಟಿಸಿದ್ದ, ಈಗ ಇವಳು ಬಂದು ಹಿಡಿಯಲು ನನ್ನ ಕೈ ಕೇಳುತ್ತಿದ್ದಾಳೆ — ಅಷ್ಟು ಮಾತ್ರ ಅನ್ನಿಸಿತು. ಅಳು ಬರಲಿಲ್ಲ. ಒಳಗೆ ಹೋಗಿ ಕುಳಿತೆ.

ಶನಿವಾರ ಸಂಜೆ ನಿಮ್ಮ ಮನೆಗೆ ಬರುತ್ತೇನೆ. ಇದನ್ನೇ ನಿಂಗವ್ವನ ಎದುರು ಬಾಯಿ ಬಿಟ್ಟು ಹೇಳುತ್ತೇನೆ. ನೀನು ಮೊದಲೇ ಓದಿಕೊಂಡಿರಬೇಕು ಎಂದು ಬರೆದೆ, ಆಗ ಅವಳ ಪಕ್ಕದಲ್ಲಿ ನೀನಿರುತ್ತೀ. ಕತ್ತರಿಸಿದ ಶಿವದಾರದ ತುಂಡು ನನ್ನ ಹತ್ತಿರ ಇದೆ, ತರುತ್ತೇನೆ. ನಿಮ್ಮ ಅಪ್ಪ ಕೊನೆಗೆ ಹಾಕಿದ ಗಂಟು ಅದರಲ್ಲಿ ಹಾಗೇ ಇದೆ. ಅವಳು ಬಾಗಿಲು ಮುಚ್ಚಿದರೆ ಹೊರಗೆ ನಿಲ್ಲುತ್ತೇನೆ. ಕ್ಯಾಂಟೀನಿನಲ್ಲಿ, ಫೌಂಡ್ರಿಯಲ್ಲಿ, ಅವನ ಊರಿನಲ್ಲಿ — ಆ ಮೀನಿನ ಕಥೆ ಎಲ್ಲೆಲ್ಲಿ ಹೇಳಿದ್ದೆನೋ ಅಲ್ಲೆಲ್ಲ ಹೋಗಿ ಅದು ಸುಳ್ಳು ಎಂದು ಹೇಳಿ ಬರುತ್ತೇನೆ. ಟ್ರಂಕಿನಿಂದ ಫೋಟೋ ತೆಗೆಯಿರಿ ಎಂದು ಹೇಳುವ ಬಾಯಿ ನನಗಿಲ್ಲ. ಅದು ನಿಮಗೆ ಬಿಟ್ಟದ್ದು. ಕ್ಷಮಿಸು ಎಂದೂ ಕೇಳುವುದಿಲ್ಲ.

ನೀನು ಟೈಪು ಮಾಡಿಕೊಂಡದ್ದರಲ್ಲಿ ತಪ್ಪೇನೂ ಇಲ್ಲ, ಅವೆಲ್ಲ ಖರೇನೇ. ಘಟ್ಟದ ಆಕಾಶ ನೋಡು, ಕೋಲು ಊರಿ ಕಾಲಿಡು, ಅವ್ವನಿಗೆ ಹೇಳಿ ಹೋಗು. ಒಂದನ್ನು ಮಾತ್ರ ಅವತ್ತು ಹೇಳದೆ ಬಿಟ್ಟಿದ್ದೆ, ಕೆಳಗೆ ಸೇರಿಸಿಕೋ. ಹೊಳೆಗೆ ಹೋಗುವ ಮೊದಲು, ನಿನ್ನ ಜೊತೆಗೆ ಬರುವವನು ಎಂಥವನು ಎಂಬುದು ಗೊತ್ತಿರಬೇಕು. ನಿನ್ನ ಅಪ್ಪನಿಗೆ ಗೊತ್ತಿರಲಿಲ್ಲ. ನಿನಗೆ ಈಗ ಗೊತ್ತಾಯಿತು.